ಬರಡಾದ ಹುಲ್ಲುಗಾವಲಿಗೆ ಜೀವ ತರುವುದು: ಮೊದಲು ನೀರು ನಿಲ್ಲಿಸಿ, ಆಮೇಲೆ ಬೀಜ ಹಾಕಿ

ಗುಡುಗು ಸಿಡಿಲಿಲ್ಲದ ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ನಿಮ್ಮ ಬರಡು ಹುಲ್ಲುಗಾವಲಿಗೆ ಹೋಗಿ ನಿಂತುಕೊಳ್ಳಿ. ಮೊದಲ ಕೆಲವು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ನೆಲ ಹೊಳೆಯತೊಡಗುತ್ತದೆ. ತೆಳ್ಳಗೆ ನೀರು ಹರಡಿ, ನಿಧಾನವಾಗಿ ಇಳಿಜಾರಿನತ್ತ ಜಾರುತ್ತದೆ. ಅದರ ಮೇಲೆ ಏನು ತೇಲಿಹೋಗುತ್ತಿದೆ ನೋಡಿ. ಒಣಹುಲ್ಲಿನ ಚೂರು, ಕುರಿ ಹಿಕ್ಕೆ, ಹುಲ್ಲಿನ ಬೀಜ, ನುಣ್ಣನೆ ಮಣ್ಣು. ಮುಂದಿನ ವರ್ಷದ ಹುಲ್ಲಿಗೆ ಬೇಕಾದದ್ದೆಲ್ಲ ಕಣ್ಣೆದುರೇ ಹೊರಟುಹೋಗುತ್ತಿದೆ.

ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ಒಂದು ಹೆಕ್ಟೇರಿಗೆ, ಅಂದರೆ 10 ಸಾವಿರ ಚದರ ಮೀಟರಿಗೆ, 20 ಮಿಲಿಮೀಟರ್ ಮಳೆ ಅಂದರೆ 2 ಲಕ್ಷ ಲೀಟರ್. ಅದರಲ್ಲಿ ಅರ್ಧ ಓಡಿಹೋದರೆ, ಒಂದೇ ಮಳೆಗೆ 1 ಲಕ್ಷ ಲೀಟರ್ ನಷ್ಟ. ‘ಇಲ್ಲಿ ಮಳೆಯೇ ಸಾಲದು’ ಅಂತ ನಾವು ಹೇಳುತ್ತಿರುತ್ತೇವೆ. ಎಷ್ಟೋ ಕಡೆ ಮಳೆ ಬಿದ್ದಿರುತ್ತದೆ, ಮಣ್ಣಿನೊಳಗೆ ಇಳಿದಿರುವುದಿಲ್ಲ.

ಅರೆಶುಷ್ಕ ಪ್ರದೇಶ ಅಂದರೆ, ಬಿಸಿಲು ಗಾಳಿ ಗಿಡಗಳು ಸೇರಿ ವರ್ಷಕ್ಕೆ ಎಷ್ಟು ನೀರನ್ನು ಆವಿಯಾಗಿಸಬಲ್ಲವೋ, ಅದರ ಐದನೇ ಒಂದು ಭಾಗದಿಂದ ಅರ್ಧದಷ್ಟು ಮಾತ್ರ ಮಳೆ ಬೀಳುವ ಜಾಗ. ಅಲ್ಲಿ ಪ್ರತಿ ಹನಿಗೂ ಲೆಕ್ಕವಿದೆ. ಅದಕ್ಕೇ ಈ ಬರಹದ ಕ್ರಮ ಸ್ವಲ್ಪ ಬೇರೆ. ಬೀಜ ಬಿತ್ತುವ ಮಾತು ಇಲ್ಲಿ ಕೊನೆಕೊನೆಗೆ ಬರುತ್ತದೆ.

ನಾನು ಮೊದಲ ಸಲ ಈ ಕೆಲಸಕ್ಕೆ ಕೈಹಾಕಿದಾಗ ಬೀಜದಿಂದಲೇ ಶುರು ಮಾಡಿದ್ದೆ. ಗಟ್ಟಿಯಾದ ಬೋಳು ನೆಲದ ಮೇಲೆ ಬೀಜ ಎರಚಿದೆ. ಎರಡನೇ ಮಳೆಯ ಮಾರನೆ ದಿನ ಹೋಗಿ ನೋಡಿದರೆ, ಬೀಜವೆಲ್ಲ ಕೆಳಗಿನ ಬೇಲಿಯ ಬುಡದಲ್ಲಿ ಕಸದ ಜೊತೆ ಗುಡ್ಡೆಯಾಗಿತ್ತು. ಆ ವರ್ಷ ಹುಲ್ಲು ಬಂದದ್ದು ಬೇಲಿಯ ಬುಡದಲ್ಲಿ ಮಾತ್ರ. ಎಲ್ಲಿ ಏನು ತಡೆ ಸಿಕ್ಕಿತೋ ಅಲ್ಲಿ ನೀರು, ಮಣ್ಣು, ಬೀಜ ಮೂರೂ ನಿಂತವು. ಮುಂದೆ ಬರೆಯುವ ಎಲ್ಲ ಹೆಜ್ಜೆಗಳ ಹಿಂದೆ ಇರುವುದು ಆ ಬೇಲಿ ಕಲಿಸಿದ ಪಾಠವೇ.

ಹೆಜ್ಜೆ 1: ನಡೆದು ನೋಡಿ, ಎಣಿಸಿ

ಒಂದು ನೋಟ್‌ಬುಕ್ ಹಿಡಿದು ನೆಲದ ಉದ್ದಕ್ಕೂ ನೇರ ಗೆರೆಯಲ್ಲಿ 100 ಹೆಜ್ಜೆ ಹಾಕಿ. ಪ್ರತಿ ಹೆಜ್ಜೆಗೂ ಕಾಲಿನ ಹೆಬ್ಬೆರಳ ತುದಿ ಏನನ್ನು ಮುಟ್ಟಿತು ಅಂತ ಗುರುತು ಹಾಕಿ: ಹುಲ್ಲಿನ ಬುಡ, ತರಗು, ಕಲ್ಲು, ಬೋಳು ಮಣ್ಣು. 100ಕ್ಕೆ ಎಷ್ಟು ಬಂತೋ ಅದೇ ನಿಮ್ಮ ಶೇಕಡಾವಾರು. ಇಂಥ ನಾಲ್ಕೈದು ಗೆರೆ ನಡೆದರೆ ನೆಲದ ಚಿತ್ರ ಸಿಗುತ್ತದೆ. ಎರಡು ಹುಲ್ಲಿನ ಬುಡಗಳ ನಡುವೆ ಬೋಳು ಜಾಗ ಎಷ್ಟು ಉದ್ದವಿದೆ ಎಂಬುದನ್ನೂ ಬರೆದುಕೊಳ್ಳಿ. ಬೋಳು ಜಾಗ ಉದ್ದವಾದಷ್ಟೂ ಓಡುವ ನೀರಿಗೆ ವೇಗ ಜಾಸ್ತಿ.

ಜೊತೆಗೆ ಕೆಲವು ಗುರುತುಗಳಿವೆ. ಹುಲ್ಲಿನ ಬುಡಗಳು ಪುಟ್ಟ ದಿಬ್ಬದ ಮೇಲೆ ಕೂತಂತೆ ಕಾಣುತ್ತಿವೆಯೇ? ಬೇರು ಹೊರಗೆ ಇಣುಕುತ್ತಿದೆಯೇ? ಹಾಗಿದ್ದರೆ ಸುತ್ತಲಿನ ಮಣ್ಣು ಅಷ್ಟು ಕೊಚ್ಚಿಹೋಗಿದೆ. ಮೇಲ್ಮೈ ಪೂರ್ತಿ ಸಣ್ಣ ಕಲ್ಲು ಹಾಸಿದಂತಿದ್ದರೂ ಅದೇ ಕಥೆ. ನುಣ್ಣನೆ ಮಣ್ಣು ಹೋಗಿ ಭಾರವಾದದ್ದು ಮಾತ್ರ ಉಳಿದಿದೆ.

ಒಂದು ಮಾತು. ಬೋಳು ಜಾಗವೆಲ್ಲ ಕೆಟ್ಟದ್ದಲ್ಲ. ಪಶ್ಚಿಮ ಆಫ್ರಿಕಾದ ನೈಜರ್ ದೇಶದಲ್ಲಿ ಮೇಲಿನಿಂದ ನೋಡಿದರೆ ಹುಲಿಯ ಪಟ್ಟೆಯಂತೆ ಕಾಣುವ ಕುರುಚಲು ಕಾಡಿದೆ. ಒಂದು ಪಟ್ಟೆ ಬೋಳು, ಒಂದು ಪಟ್ಟೆ ಗಿಡ. ಬೋಳು ಪಟ್ಟೆಯ ಮೇಲೆ ಬಿದ್ದ ಮಳೆ ಹರಿದು ಕೆಳಗಿನ ಹಸಿರು ಪಟ್ಟೆಗೆ ಸೇರುತ್ತದೆ. ಒಂದರ ಪಾಲನ್ನೂ ಸೇರಿಸಿ ಇನ್ನೊಂದು ಕುಡಿಯುತ್ತದೆ. ಒಣ ನೆಲದಲ್ಲಿ ನೂರಕ್ಕೆ ನೂರು ಹಸಿರು ಹೊದಿಸಲು ಹೋಗಬೇಡಿ. ಅಷ್ಟು ನೀರು ಅಲ್ಲಿಲ್ಲ. ಓಡುವ ನೀರು ಹೊಲ ದಾಟುವ ಮೊದಲು ಯಾವುದಾದರೂ ಒಂದು ಹಸಿರು ತುಣುಕಿಗೆ ಸಿಗುತ್ತಿದೆಯೇ, ಅದಷ್ಟೇ ಮುಖ್ಯ.

ಹೆಜ್ಜೆ 2: ಮಣ್ಣನ್ನು ಕೇಳಿ

ಲ್ಯಾಬ್‌ಗೆ ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ನನಗೆ ಬಹಳ ಇಷ್ಟವಾದದ್ದು ಲೋಟದ ಪರೀಕ್ಷೆ. ಒಂದು ಗಾಜಿನ ಲೋಟದಲ್ಲಿ ಮಳೆನೀರು ತೆಗೆದುಕೊಳ್ಳಿ. ಬೋರ್‌ವೆಲ್ ನೀರು ಬೇಡ, ಅದರ ಉಪ್ಪು ಫಲಿತಾಂಶ ಕೆಡಿಸುತ್ತದೆ. ಬಟಾಣಿ ಗಾತ್ರದ ಒಣ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಒಳಗೆ ಬಿಡಿ. ಅಲುಗಾಡಿಸಬೇಡಿ. ಸುಮ್ನೆ ನೋಡುತ್ತಿರಿ.

ಐದು ನಿಮಿಷವಾದರೂ ಹೆಂಟೆ ಹಾಗೇ ಉಳಿದರೆ ಒಳ್ಳೆಯದು. ಬೇರಿನ ಅಂಟು, ಶಿಲೀಂಧ್ರದ ಎಳೆ, ಸಾವಯವ ಅಂಶ ಅದನ್ನು ಹಿಡಿದಿವೆ. ಕುಸಿದು ಪುಡಿಯಾಗಿ ತಳದಲ್ಲಿ ಕೂತರೆ, ನೀರು ತಿಳಿಯಾಗಿಯೇ ಇದ್ದರೆ, ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ಇಂಥ ಮಣ್ಣಿನ ಮೇಲೆ ಮಳೆಹನಿ ಹೊಡೆದಾಗ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ಒಣಗಿದ ಮೇಲೆ ಅದೇ ಗಟ್ಟಿ ಪದರವಾಗುತ್ತದೆ. ಇದಕ್ಕೆ ಮದ್ದು ಹೊದಿಕೆ ಮತ್ತು ಬೇರು.

ಮೂರನೆಯದು ಬೇರೆಯೇ ಕಾಯಿಲೆ. ಕೆಲವು ಗಂಟೆಗಳಲ್ಲಿ ಹೆಂಟೆಯ ಸುತ್ತ ಹಾಲಿನಂಥ ಮೋಡ ಎದ್ದು ನೀರು ಕದಡಿದರೆ, ಜೇಡಿ ಕಣಗಳೇ ಒಂದರಿಂದೊಂದು ದೂರ ಸರಿಯುತ್ತಿವೆ ಎಂದರ್ಥ. ಸಾಮಾನ್ಯವಾಗಿ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ ಇದ್ದಾಗ ಹೀಗಾಗುತ್ತದೆ. ಇಂಥ ಕಡೆ ಆಳವಾಗಿ ಅಗೆಯಲೇಬೇಡಿ. ಕೆಳಗಿನ ಮಣ್ಣು ಇನ್ನೂ ಕೆಟ್ಟದಾಗಿರಬಹುದು, ತೆಗೆದ ಗುಂಡಿಯೇ ಕೊರಕಲಾಗಿ ಬೆಳೆಯಬಹುದು. ಮೊದಲು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಜಿಪ್ಸಂ ಬೇಕೇ, ಎಷ್ಟು ಬೇಕು ಎಂಬುದು ಅಲ್ಲಿ ಗೊತ್ತಾಗುತ್ತದೆ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂನ ಜಾಗಕ್ಕೆ ಬಂದು ಕಣಗಳನ್ನು ಮತ್ತೆ ಒಟ್ಟಿಗೆ ಹಿಡಿಯುತ್ತದೆ.

ನೀರು ಎಷ್ಟು ಬೇಗ ಇಂಗುತ್ತದೆ ಎಂದು ತಿಳಿಯಲು 15 ಸೆಂಟಿಮೀಟರ್ ಅಗಲದ ಪೈಪ್ ತುಂಡು ಸಾಕು. ಅದನ್ನು ನೆಲಕ್ಕೆ ಅರ್ಧದಷ್ಟು ಬಡಿದು ಇಳಿಸಿ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ 440 ಮಿಲಿಲೀಟರ್ ನೀರು ಸುರಿಯಿರಿ. ಆ ಅಗಲಕ್ಕೆ ಅದು 2.5 ಸೆಂಟಿಮೀಟರ್ ಮಳೆಗೆ ಸಮ. ಹಾಳೆಯನ್ನು ಮೆಲ್ಲಗೆ ಎಳೆದು ಸಮಯ ನೋಡಿ. ಅದೇ ಜಾಗದಲ್ಲಿ ಎರಡನೇ ಸಲವೂ ಸುರಿಯಿರಿ. ಒಣ ಮಣ್ಣು ಮೊದಲ ಸಲ ಬೇಗ ಹೀರಿಕೊಳ್ಳುವುದರಿಂದ ಎರಡನೇ ಅಳತೆಯೇ ನಂಬಿಕೆಗೆ ಯೋಗ್ಯ. ಒಂದು ಸಲ ಪೊದೆಯ ಕೆಳಗೆ, ಒಂದು ಸಲ ಬೋಳು ಜಾಗದಲ್ಲಿ ಮಾಡಿ. ಎರಡರ ನಡುವಿನ ವ್ಯತ್ಯಾಸ ನೋಡಿದ ಮೇಲೆ ಪೊದೆ ಕಡಿಯಲು ಕೈ ಬರುವುದಿಲ್ಲ.

ಇನ್ನೊಂದು ಎಚ್ಚರ. ನೆಲದ ಮೇಲಿನ ಪದರವೆಲ್ಲ ಶತ್ರುವಲ್ಲ. ಕೆಲವು ಕಡೆ ಅದು ಜೀವಂತ. ಸಯನೋಬ್ಯಾಕ್ಟೀರಿಯಾ (ಗಿಡಗಳಂತೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿ), ಪಾಚಿ, ಕಲ್ಲುಹೂವು ಸೇರಿ ಕಟ್ಟಿದ ಪದರ ಅದು. ಗಾಳಿಗೆ ಮಣ್ಣು ಹಾರದಂತೆ ಹಿಡಿಯುತ್ತದೆ. ಅದರಲ್ಲಿರುವ ಕೆಲವು ಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಗುರುತಿಸುವುದು ಹೇಗೆ? ಸ್ವಲ್ಪ ನೀರು ಚಿಮುಕಿಸಿ ಕೆಲವು ನಿಮಿಷ ಕಾಯಿರಿ. ಹಸಿರು ಬಣ್ಣ ಮೂಡಿದರೆ ಅದು ಜೀವಂತ. ಒಂದು ಚೂರು ಎತ್ತಿದರೆ ಅಡಿಯಲ್ಲಿ ಮರಳಿನ ಕಣಗಳು ನವಿರಾದ ಎಳೆಗಳಲ್ಲಿ ಜೋತಾಡುತ್ತವೆ. ಒಣಗಿದ್ದಾಗ ಕಾಲಿಟ್ಟರೂ ಮುರಿಯುತ್ತದೆ, ಮತ್ತೆ ಕಟ್ಟಿಕೊಳ್ಳಲು ಹಲವು ವರ್ಷ ಬೇಕು. ಅಂಥ ಜಾಗವನ್ನು ದಯವಿಟ್ಟು ಮುಟ್ಟಬೇಡಿ.

ಹೆಜ್ಜೆ 3: ನೆಲ ಎಷ್ಟು ಕೆಟ್ಟಿದೆ ಅಂತ ತೀರ್ಮಾನಿಸಿ

ದನ ಕುರಿ ಹೊರಗಿಟ್ಟರೆ ಹುಲ್ಲುಗಾವಲು ತಾನಾಗಿಯೇ ಹಳೆಯ ಸ್ಥಿತಿಗೆ ಬರುತ್ತದೆ ಅಂತ ಬಹಳ ಕಾಲ ನಂಬಿದ್ದರು. 1989ರಲ್ಲಿ ವೆಸ್ಟೋಬಿ, ವಾಕರ್, ನೋಯ್-ಮೇರ್ ಎಂಬ ಮೂವರು ಪರಿಸರ ವಿಜ್ಞಾನಿಗಳು ಬೇರೆ ಚಿತ್ರ ಕೊಟ್ಟರು. ಒಣ ಹುಲ್ಲುಗಾವಲು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಕೆಲವು ಜಿಗಿತಗಳ ನಂತರ ಸುಮ್ಮನೆ ಕಾಯುವುದರಿಂದ ವಾಪಸ್ ಬರುವುದಿಲ್ಲ.

ಹಾಗಾಗಿ ನಿಮ್ಮ ನೆಲವನ್ನು ಮೂರು ಬಗೆಯಾಗಿ ನೋಡಿ. ಬಹುವಾರ್ಷಿಕ ಹುಲ್ಲಿನ, ಅಂದರೆ ವರ್ಷ ವರ್ಷವೂ ಅದೇ ಬುಡದಿಂದ ಚಿಗುರುವ ಹುಲ್ಲಿನ, ಬುಡಗಳು ಇನ್ನೂ ಚದುರಿಕೊಂಡು ಬದುಕಿವೆ ಅಂದರೆ ವಿಶ್ರಾಂತಿ ಕೊಟ್ಟರೆ ಸಾಕಾಗಬಹುದು. ಹಣ ಖರ್ಚು ಮಾಡಬೇಡಿ. ಬುಡಗಳು ಹೋಗಿ ಗಟ್ಟಿ ಪದರ ಕಟ್ಟಿದೆ ಅಂದರೆ ನೀರಿಗೆ ತಡೆ ಬೇಕು, ಆಮೇಲೆ ಬೀಜ. ಮೇಲ್ಮಣ್ಣೇ ಹೋಗಿ ಕೊರಕಲು ಬಿದ್ದಿದೆ ಅಂದರೆ ಕಷ್ಟದ ಕೆಲಸ, ವರ್ಷಗಳ ಕೆಲಸ. ಕೈಯಲ್ಲಿ ಹಣ, ಆಳು ಕಡಿಮೆ ಇದ್ದರೆ ಮಧ್ಯದ ಬಗೆಯಿಂದ ಶುರು ಮಾಡಿ ಎಂಬುದು ನನ್ನ ಸಲಹೆ. ಮಾಡಿದ ಕೆಲಸಕ್ಕೆ ಅಲ್ಲಿ ಅತಿ ಹೆಚ್ಚು ಫಲ ಸಿಗುತ್ತದೆ.

ತೀರ್ಮಾನಕ್ಕೆ ಮೊದಲು ನೆಲದಡಿ ಏನಿದೆ ಅಂತ ನೋಡಿ. ನೈಜರ್‌ನಲ್ಲಿ 1980ರ ದಶಕದ ಆರಂಭದಲ್ಲಿ ಟೋನಿ ರಿನಾಡೊ ಎಂಬವರು ಸಸಿ ನೆಟ್ಟು ನೆಟ್ಟು ಸೋತಿದ್ದರು. ಒಂದು ದಿನ ದಾರಿ ಬದಿಯ ಕುರುಚಲು ಪೊದೆಯನ್ನು ಹತ್ತಿರದಿಂದ ನೋಡಿದಾಗ ಅದು ಕಡಿದ ಮರದ ಬೊಡ್ಡೆಯ ಚಿಗುರು ಅಂತ ತಿಳಿಯಿತು. ಬೇರುಗಳು ಒಳಗೆ ಬದುಕಿದ್ದವು. ಪ್ರತಿ ಬೊಡ್ಡೆಯಲ್ಲಿ ಕೆಲವೇ ಗಟ್ಟಿ ಚಿಗುರು ಉಳಿಸಿ, ಮಿಕ್ಕಿದ್ದನ್ನು ಸವರಿ, ಕಾಪಾಡುವ ಕ್ರಮ ರೈತರಿಂದ ರೈತರಿಗೆ ಹಬ್ಬಿತು. ಆ ದೇಶದಲ್ಲಿ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರಗಳು ಹೀಗೆ ಮರಳಿದವು. ಬದುಕಿರುವ ಬೇರು ನಿಮ್ಮ ನೆಲದಲ್ಲೂ ಇರಬಹುದು, ಅಲ್ವಾ? ನೋಡದೆ ಗುಂಡಿ ತೆಗೆಯಬೇಡಿ.

ಹೆಜ್ಜೆ 4: ಹುಲ್ಲಿಗೆ ಉಸಿರಾಡಲು ಬಿಡಿ

1955ರಲ್ಲಿ ಕ್ರೈಡರ್ ಎಂಬ ಅಮೆರಿಕದ ವಿಜ್ಞಾನಿ ಹುಲ್ಲಿನ ಎಲೆ ಕತ್ತರಿಸಿದರೆ ಬೇರಿಗೆ ಏನಾಗುತ್ತದೆ ಎಂಬ ಪ್ರಯೋಗದ ವರದಿ ಕೊಟ್ಟರು. ನೂರಕ್ಕೆ ನಲವತ್ತರಷ್ಟು ಎಲೆ ತೆಗೆದಾಗ ಬೇರು ಬೆಳೆಯುತ್ತಲೇ ಇತ್ತು. ಎಂಬತ್ತರಷ್ಟು ತೆಗೆದಾಗ ಬೇರಿನ ಬೆಳವಣಿಗೆ 12 ದಿನ ಪೂರ್ತಿ ನಿಂತುಹೋಯಿತು. ಮಳೆಗಾಲವೇ ಕೆಲವು ವಾರವಿರುವ ಜಾಗದಲ್ಲಿ 12 ದಿನ ಬಹಳ ದೊಡ್ಡದು. ಬೇರು ಕೆಳಗಿಳಿಯದಿದ್ದರೆ ಒಣ ತಿಂಗಳುಗಳಲ್ಲಿ ಆ ಗಿಡ ಸಾಯುತ್ತದೆ.

ಆದ್ದರಿಂದ ಕೆಲಸ ಶುರುವಾದ ಜಾಗಕ್ಕೆ ಕನಿಷ್ಠ ಎರಡು ಮಳೆಗಾಲ ಮೇಯಿಸುವುದನ್ನು ನಿಲ್ಲಿಸಿ. ಇಡೀ ಕಾವಲನ್ನು ಒಮ್ಮೆಲೇ ಮುಚ್ಚಿದರೆ ದನಕರುಗಳಿಗೆ ದಾರಿಯಿಲ್ಲ. ಮುಚ್ಚಿದ್ದೂ ಉಳಿಯುವುದಿಲ್ಲ. ನಾಲ್ಕನೇ ಒಂದು ಭಾಗ ಮುಚ್ಚಿ. ಯಾವ ಭಾಗ ಅಂತ ಮೇಯಿಸುವವರ ಜೊತೆ ಕೂತು ತೀರ್ಮಾನಿಸಿ. ಯಾವ ಹುಲ್ಲು ಯಾವಾಗ ಎಲ್ಲಿ ಬರುತ್ತಿತ್ತು ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಹೆಜ್ಜೆ 5: ನೀರಿನ ಕಾಲು ಎಳೆಯಿರಿ

ಯಾವಾಗಲೂ ಮೇಲಿನಿಂದ ಕೆಳಗೆ ಬನ್ನಿ. ದೊಡ್ಡ ಕೊರಕಲು ಕಣ್ಣಿಗೆ ಹೊಡೆಯುತ್ತದೆ, ಎಲ್ಲರೂ ಅಲ್ಲಿಂದಲೇ ಶುರು ಮಾಡಲು ನೋಡುತ್ತಾರೆ. ಅದಕ್ಕೆ ನೀರು ಕಳಿಸುತ್ತಿರುವುದು ಮೇಲಿನ ಬೋಳು ನೆಲ. ಮೇಲೆ ಹತ್ತಾರು ಸಣ್ಣ ತಡೆ ಇದ್ದರೆ ಕೆಳಗೆ ದೊಡ್ಡ ಕಟ್ಟೆಯ ಅಗತ್ಯವೇ ಕಡಿಮೆಯಾಗುತ್ತದೆ.

ಮೊದಲು ಸಮಮಟ್ಟದ ಗೆರೆ ಬೇಕು. ಸಮ ಉದ್ದದ ಎರಡು ಕೋಲುಗಳನ್ನು ಇಂಗ್ಲಿಷಿನ ‘ಎ’ ಅಕ್ಷರದಂತೆ ಕಟ್ಟಿ, ನಡುವೆ ಅಡ್ಡಪಟ್ಟಿ ಹಾಕಿ, ಮೇಲಿನಿಂದ ದಾರಕ್ಕೆ ಕಲ್ಲು ಇಳಿಬಿಡಿ. ಎರಡು ಕಾಲೂ ಒಂದೇ ಮಟ್ಟದಲ್ಲಿದ್ದಾಗ ದಾರ ಅಡ್ಡಪಟ್ಟಿಯ ಮಧ್ಯದ ಗುರುತಿಗೆ ಬರುತ್ತದೆ. ಹೀಗೆ ಕಾಲು ಬದಲಿಸುತ್ತಾ, ಗೂಟ ನೆಡುತ್ತಾ ಹೋಗಿ.

ತಡೆಗಳಲ್ಲಿ ಅತಿ ಸುಲಭದ್ದು ಒಣ ಕೊಂಬೆ. ಗೆರೆಯುದ್ದಕ್ಕೂ ಕೊಂಬೆಗಳನ್ನು ಹಾಸಿ. ತುಳಿದು ನೆಲಕ್ಕೆ ತಾಗುವಂತೆ ಒತ್ತಿ. ಎತ್ತರದಲ್ಲಿ ನಿಂತ ಕೊಂಬೆಯ ಅಡಿಯಲ್ಲಿ ನೀರು ಆರಾಮವಾಗಿ ನುಸುಳಿ ಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಲುಡ್ವಿಗ್ ಮತ್ತು ಟಾಂಗ್ವೇ ಎಂಬ ವಿಜ್ಞಾನಿಗಳು ಬೋಳು ಇಳಿಜಾರಿನಲ್ಲಿ ಮುಲ್ಗಾ ಎಂಬ ಜಾಲಿ ಜಾತಿಯ ಮರದ ಕೊಂಬೆಗಳನ್ನು ಹೀಗೇ ಹಾಸಿದರು. ಮೂರು ವರ್ಷದಲ್ಲಿ ಆ ಸಾಲುಗಳ ಅಡಿಯ ಮಣ್ಣು ಸುಧಾರಿಸಿತು, ನೀರು ಚೆನ್ನಾಗಿ ಇಂಗತೊಡಗಿತು, ಬಹುವಾರ್ಷಿಕ ಹುಲ್ಲು ನೆಲೆಯೂರಿತು. ಕೊಂಬೆ ಹೂಳು ಹಿಡಿಯುತ್ತದೆ, ತೇಲಿಬಂದ ಬೀಜ ಹಿಡಿಯುತ್ತದೆ, ನೆರಳು ಕೊಡುತ್ತದೆ, ಗೆದ್ದಲನ್ನು ಕರೆಯುತ್ತದೆ. ಮುಳ್ಳಿನ ಕೊಂಬೆಯಾದರೆ ಮೊಳಕೆಯನ್ನೂ ಕಾಯುತ್ತದೆ.

ಗೆದ್ದಲು ಅಂದರೆ ಬೆಚ್ಚಬೇಡಿ. ಒಣ ನೆಲದಲ್ಲಿ ಎರೆಹುಳುವಿನ ಕೆಲಸ ಮಾಡುವುದು ಗೆದ್ದಲೇ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ರೈತ ಯಾಕೂಬಾ ಸವಾಡೊಗೊ 1980ರ ದಶಕದಲ್ಲಿ ಹಳೆಯ ಕಾಲದ ಗುಂಡಿ ಪದ್ಧತಿಯನ್ನು ತಿದ್ದಿದರು. ಅದರ ಹೆಸರು ಜಾಯಿ. ಬೇಸಿಗೆಯಲ್ಲೇ ಗಟ್ಟಿ ನೆಲದಲ್ಲಿ ಗುಂಡಿ ತೆಗೆದು ಗೊಬ್ಬರ ಹಾಕುವುದು. ಗೊಬ್ಬರಕ್ಕೆ ಗೆದ್ದಲು ಬರುತ್ತದೆ, ಸುರಂಗ ಕೊರೆಯುತ್ತದೆ. ಮಳೆ ಬಂದಾಗ ನೀರು ಆ ದಾರಿಯಲ್ಲಿ ಆಳಕ್ಕಿಳಿಯುತ್ತದೆ. ಅವರು ಗುಂಡಿ ತೆಗೆದದ್ದು ಬೆಳೆಗಾಗಿ. ಗೊಬ್ಬರದಲ್ಲಿದ್ದ ಬೀಜಗಳಿಂದ ಮರಗಳೂ ಎದ್ದವು. ಅವನ್ನು ಅವರು ಕೀಳದೆ ಉಳಿಸಿಕೊಂಡರು, ಕಾಡು ಬೆಳೆಯಿತು. ಇಂಥ ಗುಂಡಿಗೆ 20ರಿಂದ 40 ಸೆಂಟಿಮೀಟರ್ ಅಗಲ, 10ರಿಂದ 20 ಸೆಂಟಿಮೀಟರ್ ಆಳ ಸಾಕು.

ಮೇವಿನ ನೆಲಕ್ಕೆ ಇನ್ನೂ ಒಪ್ಪುವುದು ಅರ್ಧಚಂದ್ರ ಗುಂಡಿ. ಸುಮಾರು 4 ಮೀಟರ್ ಅಗಲ. ಬಾಯಿ ಇಳಿಜಾರಿನ ಮೇಲ್ಭಾಗಕ್ಕೆ, ತೆಗೆದ ಮಣ್ಣಿನ ಬದು ಕೆಳಭಾಗಕ್ಕೆ. ಎರಡು ತುದಿಗಳೂ ಒಂದೇ ಮಟ್ಟದಲ್ಲಿರಬೇಕು. ಆಳ 15ರಿಂದ 25 ಸೆಂಟಿಮೀಟರ್. ಮುಂದಿನ ಸಾಲಿನ ಗುಂಡಿಯನ್ನು ಮೇಲಿನ ಎರಡರ ನಡುವಿನ ಸಂದಿಗೆ ಸರಿಯಾಗಿ ಇಡಿ. ಸಂದಿಯಲ್ಲಿ ತಪ್ಪಿಸಿಕೊಂಡ ನೀರು ಅಲ್ಲಿ ಸಿಕ್ಕುತ್ತದೆ. ಗುಂಡಿಗಳ ನಡುವಿನ ಬೋಳು ನೆಲ ಹಾಗೇ ಇರಲಿ. ಗುಂಡಿಗೆ ನೀರು ಕೊಡುವುದೇ ಅದು.

ಕಲ್ಲು ಸಿಗುವ ಕಡೆ ಕಲ್ಲಿನ ಸಾಲು ಹಾಕಿ. ಬುಡದ ಕಲ್ಲು ಸ್ವಲ್ಪ ನೆಲದೊಳಗೆ ಕೂರಬೇಕು. ಸಣ್ಣ ಕೊರಕಲಿಗೆ ಒಂದೇ ಕಲ್ಲಿನ ಎತ್ತರದ ಹಾಸು ಸಾಕು. ಎತ್ತರಕ್ಕೆ ಪೇರಿಸಿದರೆ ನೀರು ಪಕ್ಕದಿಂದ ಕೊರೆದುಕೊಂಡು ಹೋಗುತ್ತದೆ.

ಹೆಜ್ಜೆ 6: ಈಗ ಬೀಜ

ಒಂದು ಮಳೆಗಾಲ ಕಾಯಿರಿ ಅಂತಲೇ ನಾನು ಹೇಳುವುದು. ತಡೆಗಳ ಹಿಂದೆ ತಾನಾಗಿ ಏನು ಬಂತು ನೋಡಿ. ಏನೂ ಬರದ ಕಡೆ ಮಾತ್ರ ಬಿತ್ತಿ.

ಬೀಜವನ್ನು ಹತ್ತಿರದ, ಅದೇ ಬಗೆಯ ಮಣ್ಣಿನ ಆರೋಗ್ಯವಂತ ಹುಲ್ಲುಗಾವಲಿನಿಂದ ಆರಿಸಿ. ಒಂದೇ ಜಾತಿ ಬೇಡ. ಬೇಗ ಹೊದಿಕೆ ಕೊಡುವ ವಾರ್ಷಿಕ ಹುಲ್ಲು, ನಿಧಾನವಾಗಿ ಬುಡ ಕಟ್ಟುವ ಬಹುವಾರ್ಷಿಕ ಹುಲ್ಲು, ಸಾರಜನಕ ಸೇರಿಸುವ ದ್ವಿದಳ ಗಿಡ, ಒಂದಿಷ್ಟು ಪೊದೆ ಎಲ್ಲ ಇರಲಿ. ಹೊರಗಿನಿಂದ ತಂದ ‘ಬೇಗ ಬೆಳೆಯುವ’ ಗಿಡಗಳ ಬಗ್ಗೆ ಹುಷಾರು. ಬಳ್ಳಾರಿ ಜಾಲಿ ಅಮೆರಿಕ ಖಂಡದ ಗಿಡ. ಅದರ ಸಿಹಿ ಕಾಯಿ ತಿಂದ ದನಗಳ ಸಗಣಿಯಲ್ಲೇ ಬೀಜ ಹರಡುತ್ತದೆ. ಪೂರ್ವ ಆಫ್ರಿಕಾದ ಹುಲ್ಲುಗಾವಲುಗಳನ್ನು ಅದು ಹೇಗೆ ಆವರಿಸಿತು ಎಂಬುದು ಎಲ್ಲರಿಗೂ ಪಾಠ.

ಹೊಸ ಹುಲ್ಲಿನ ಬೀಜ ಎಷ್ಟೋ ಸಲ ಕೂಡಲೇ ಮೊಳೆಯುವುದಿಲ್ಲ. ಕೆಲವು ತಿಂಗಳು ಒಣ ಜಾಗದಲ್ಲಿ ನಿದ್ದೆ ಮಾಡಬೇಕು. ಬಿತ್ತುವ ಮೊದಲು 100 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎಷ್ಟು ಮೊಳೆತವೋ ಅದರ ಮೇಲೆ ಬೀಜದ ಪ್ರಮಾಣ ನಿರ್ಧರಿಸಿ. ಸಣ್ಣ ಬೀಜವನ್ನು ಮರಳಿನ ಜೊತೆ ಬೆರೆಸಿ. ಕೊಂಬೆಯ ಕೆಳಗೆ, ಗುಂಡಿಯೊಳಗೆ, ಕಲ್ಲಿನ ಮೇಲ್ಬದಿಯಲ್ಲಿ ಹಾಕಿ, ಮೇಲೆ ಅರ್ಧ ಸೆಂಟಿಮೀಟರ್ ಮಣ್ಣು ಎಳೆಯಿರಿ. ಜಾಸ್ತಿ ಆಳವಾದರೆ ಮೊಳಕೆ ಮೇಲೆ ಬರುವಷ್ಟರಲ್ಲಿ ಸೋಲುತ್ತದೆ.

ಯೂರಿಯಾ ಬೇಡ. ಬಡ ಮಣ್ಣಿಗೆ ಹೊಂದಿಕೊಂಡ ಬಹುವಾರ್ಷಿಕ ಹುಲ್ಲಿಗಿಂತ ಬೇಗ ಅದನ್ನು ನುಂಗುವುದು ಕಳೆ.

ಇನ್ನು ಮರದ ವಿಷಯ. ನೆಲ ಮೊದಲಿನಿಂದಲೂ ಬಯಲು ಹುಲ್ಲುಗಾವಲಾಗಿದ್ದರೆ ಅಲ್ಲಿ ಮರ ತುಂಬಬೇಡಿ. ಹುಲ್ಲುಗಾವಲು ಅಂದರೆ ಕಾಡಾಗಲು ಸೋತ ಜಾಗ ಅಲ್ಲ. ಅಲ್ಲಿನ ಹಕ್ಕಿ, ಕೀಟ, ಹುಲ್ಲುಗಳಿಗೆ ಬಿಸಿಲು ಬೇಕು, ಬಯಲು ಬೇಕು.

ಹೆಜ್ಜೆ 7: ದನಕರು ವಾಪಸ್

ಹುಲ್ಲು ಬುಡ ಕಟ್ಟಿ ಒಮ್ಮೆ ಬೀಜ ಉದುರಿಸಿದ ಮೇಲೆ ಮೇಯಿಸಬಹುದು. ಕಡಿಮೆ ದಿನ ಬಿಡಿ, ಉದ್ದ ವಿಶ್ರಾಂತಿ ಕೊಡಿ. ಅರ್ಧ ಮೇಯಲಿ, ಅರ್ಧ ಉಳಿಯಲಿ. ಈ ಅರ್ಧ ತೂಕದ ಲೆಕ್ಕ, ಎತ್ತರದ್ದಲ್ಲ. ಹುಲ್ಲಿನ ತೂಕದ ಹೆಚ್ಚು ಪಾಲು ಬುಡದ ಹತ್ತಿರ ಇರುತ್ತದೆ. ಒಂದು ಬುಡವನ್ನು ನೆಲಮಟ್ಟಕ್ಕೆ ಕೊಯ್ದು, ದಾರದಿಂದ ಬಿಗಿದು, ಬೆರಳಿನ ಮೇಲೆ ಅಡ್ಡ ಇಟ್ಟು ತೂಗಿಸಿ. ಎಲ್ಲಿ ಸಮತೂಕ ಬಂತೋ ಅಲ್ಲಿವರೆಗೆ ಮಾತ್ರ ಮೇಯಬಹುದು. ಮೊದಲ ಸಲ ನೋಡಿದವರು ‘ಇಷ್ಟು ಉದ್ದ ಬಿಡಬೇಕಾ’ ಅನ್ನುತ್ತಾರೆ. ಹೌದು, ಬಿಡಬೇಕು.

ಎಷ್ಟು ದನ, ಎಷ್ಟು ದಿನ ಎಂಬುದನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ. ಮಳೆ ಸೋತ ವರ್ಷ ಬೇಗ ತೆಗೆಯಿರಿ. ತಡಮಾಡಿದ ಒಂದು ತಿಂಗಳು ಮೂರು ವರ್ಷದ ಕೆಲಸವನ್ನು ತಿಂದುಹಾಕಬಲ್ಲದು.

ಹೆಜ್ಜೆ 8: ಅಳೆಯುತ್ತಾ ಇರಿ

ಒಂದು ಪಟ್ಟಿಯನ್ನು ಏನೂ ಮಾಡದೆ ಹಾಗೇ ಬಿಡಿ. ಒಳ್ಳೆಯ ಮಳೆ ಬಂದ ವರ್ಷ ಎಲ್ಲ ಕಡೆಯೂ ಹಸಿರಾಗುತ್ತದೆ. ನಿಮ್ಮ ಕೆಲಸದಿಂದ ಆದದ್ದೆಷ್ಟು, ಮಳೆಯಿಂದ ಆದದ್ದೆಷ್ಟು ಎಂದು ಹೇಳುವುದು ಆ ಪಟ್ಟಿ ಮಾತ್ರ. ಒಂದು ಮಳೆಮಾಪಕ ಇಡಿ. ಗೂಟ ನೆಟ್ಟು, ವರ್ಷಕ್ಕೆರಡು ಸಲ ಅದೇ ಜಾಗದಿಂದ ಅದೇ ದಿಕ್ಕಿಗೆ ಫೋಟೋ ತೆಗೆಯಿರಿ. ಮೊದಲ ಹೆಜ್ಜೆಯ 100 ಹೆಜ್ಜೆಯ ಎಣಿಕೆಯನ್ನು ಪ್ರತಿ ವರ್ಷ ಅದೇ ಗೆರೆಯಲ್ಲಿ ಮತ್ತೆ ಮಾಡಿ.

ಮೊದಲ ವರ್ಷ ಕಳೆಯೇ ಜಾಸ್ತಿ ಬರುತ್ತದೆ. ಗಾಬರಿ ಬೇಡ, ಕೀಳಬೇಡಿ. ಅವೂ ನೆಲ ಮುಚ್ಚುತ್ತವೆ. ಹೊರಗಿನಿಂದ ಬಂದು ಆವರಿಸಿಕೊಳ್ಳುವ ಜಾತಿಗಳನ್ನು ಮಾತ್ರ ಹೂ ಬಿಡುವ ಮೊದಲು ಕಿತ್ತುಹಾಕಿ. ಎರಡನೇ, ಮೂರನೇ ಮಳೆಗಾಲದಲ್ಲಿ ಮಂಡಿಯೂರಿ ಕೂತು ತಡೆಗಳ ಹಿಂದೆ ಹುಡುಕಿ. ಬಹುವಾರ್ಷಿಕ ಹುಲ್ಲಿನ ಮರಿ ಬುಡಗಳು ಕಡ್ಡಿಯಷ್ಟು ದಪ್ಪ ಇರುತ್ತವೆ, ನಿಂತು ನೋಡಿದರೆ ಕಾಣುವುದಿಲ್ಲ. ಅವುಗಳಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ಮುಂದಿನ ಬೇಸಿಗೆ ದಾಟಿ ಎಷ್ಟು ಉಳಿದವು ಅಂತ ಎಣಿಸಿ. ಆ ಸಂಖ್ಯೆ ನೋಡಿಕೊಂಡು ಮುಂದಿನ ತುಂಡು ನೆಲವನ್ನು ಯಾವಾಗ ಮುಚ್ಚಬೇಕು ಅಂತ ನಿರ್ಧರಿಸಬಹುದು.